ಊಟವಾದ ಮೇಲಿನ ಕಾಲುಗಂಟೆ

ಪ್ರೀತಿಯ ರಘು,

ರಕ್ತಪರೀಕ್ಷೆಯ ವರದಿ ಕಳುಹಿಸಿ ಕೆಳಗೊಂದು ಅಳುಮುಖ ಅಂಟಿಸಿದ್ದೀಯ. ಎಚ್‌ಬಿಎ1ಸಿ 6.1. ಅದು ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಲೆಕ್ಕ, ಶೇಕಡಾವಾರಿನಲ್ಲಿ. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲ ಮೇಲೆ ನಿಂತಿದ್ದೀಯ, ಇನ್ನೂ ಒಳಗೆ ಕಾಲಿಟ್ಟಿಲ್ಲ. ನಾಲ್ಕು ವರ್ಷದ ಹಿಂದೆ ನಾನೂ ಅದೇ ಹೊಸ್ತಿಲಲ್ಲಿದ್ದೆ. ಡಾಕ್ಟರು ಹೇಳಿದ್ದನ್ನು ಬಿಡಬೇಡ. ಇದು ಅದರ ಜೊತೆಗಿನ ಹರಟೆ.

ಆಗ ನಾನು ಮಾಡಿದ ಮೊದಲ ಕೆಲಸ, ಜಿಮ್ಮಿಗೆ ಇಡೀ ವರ್ಷದ ಹಣ ಕಟ್ಟಿದ್ದು. ಹತ್ತೊಂಬತ್ತು ದಿನ ಹೋದೆ. ಇಪ್ಪತ್ತನೆಯ ದಿನ ಮಳೆ ಬಂತು. ಇಪ್ಪತ್ತೊಂದನೆಯ ದಿನ ಮಳೆ ಇರಲಿಲ್ಲ, ಆದರೂ ಹೋಗಲಿಲ್ಲ. ಜಿಮ್ಮಿನದೇನೂ ತಪ್ಪಿಲ್ಲ, ಅಷ್ಟೆಲ್ಲ ಏರ್ಪಾಡು ಬೇಡುವ ಕೆಲಸ ನನ್ನಂಥ ಸೋಮಾರಿಗೆ ಒಗ್ಗುವುದಿಲ್ಲ.

ಒಗ್ಗಿದ್ದು ಬೇರೆ. ರಾತ್ರಿ ಉಂಡು ಕೈ ತೊಳೆದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುತ್ತೇನೆ. ಹಾಲಿನ ಬೂತಿನವರೆಗೆ ಹೋಗಿ, ಗಣಪತಿ ಗುಡಿ ಬಳಸಿ ಬಂದರೆ ಕಾಲುಗಂಟೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಸೇರುವ ಹೊತ್ತಿನಲ್ಲಿ ಕಾಲಿನ ಸ್ನಾಯುಗಳು ದುಡಿಯುತ್ತಿದ್ದರೆ ಅವು ಅದನ್ನು ಎಳೆದುಕೊಳ್ಳುತ್ತವೆ, ಸಕ್ಕರೆಯನ್ನು ಒಳಗೆ ಬಿಡುವ ಹಾರ್ಮೋನಾದ ಇನ್ಸುಲಿನ್‌ನ ಅಪ್ಪಣೆಗೂ ಅಷ್ಟಾಗಿ ಕಾಯುವುದಿಲ್ಲ. ಮೊದಲ ವಾರ ಬೀದಿನಾಯಿಗಳು ಬೊಗಳಿದವು. ಈಗ ಕಂದು ಬಣ್ಣದ್ದೊಂದು ಗುಡಿಯವರೆಗೆ ಜೊತೆಗೆ ಬಂದು, ಮುಂದಿನದು ತನ್ನ ಎಲ್ಲೆಯಲ್ಲವೆಂದು ನಿಂತುಬಿಡುತ್ತದೆ.

ನೀನು ಹೊಸ ಕೈಗಡಿಯಾರ ಕಟ್ಟಿಕೊಂಡು ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಹರಕೆ ಹೊತ್ತಿದ್ದೀಯಂತೆ. ಆ ಸಂಖ್ಯೆ ಮನೆಮಾತಾದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಸಾಧನದಿಂದ. ಅದರ ಹೆಸರೇ 'ಮಾನ್ಪೊಕೇ', ಹತ್ತು ಸಾವಿರ ಹೆಜ್ಜೆಯ ಮಾಪಕ. ಲೆಕ್ಕ ತಪ್ಪಿತೆಂದು ರಾತ್ರಿ ಹನ್ನೊಂದಕ್ಕೆ ನಡುಮನೆಯಲ್ಲಿ ಗಿರಕಿ ಹೊಡೆಯಬೇಡ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ. ನನ್ನ ಕಾಲುಗಂಟೆ ಅದಕ್ಕೆ ಸಾಲದು. ಬೆಳಿಗ್ಗೆ ಹಾಲಿಗೆ ಸ್ಕೂಟರ್ ಬಿಟ್ಟು ನಡೆದೇ ಹೋಗಿ ಉಳಿದದ್ದನ್ನು ತುಂಬಿಸುತ್ತೇನೆ.

ನಿನ್ನ ಅಪ್ಪ ಕಂಡಕ್ಟರ್ ಆಗಿದ್ದವರು, ಅವರಿಗೆ ಇದನ್ನು ಓದಿ ಹೇಳು. 1953ರಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯ ಅಧ್ಯಯನ ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದಯದ ಕಾಯಿಲೆ ಕಡಿಮೆ. ಆಮೇಲೆ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ ಎಳೆಯ ಚಾಲಕರ ಸೊಂಟವೂ ಕಂಡಕ್ಟರುಗಳದಕ್ಕಿಂತ ದಪ್ಪವಿತ್ತು. ಅಂದರೆ ವ್ಯತ್ಯಾಸ ಕೆಲಸಕ್ಕೆ ಸೇರುವಾಗಲೇ ಇದ್ದಿರಬಹುದು, ಪುಣ್ಯವೆಲ್ಲ ಮೆಟ್ಟಿಲಿನದೇ ಅಲ್ಲ. ತಮ್ಮ ಮಾತನ್ನು ತಾವೇ ಹೀಗೆ ಕೆದಕಿ ನೋಡುವವರ ಮೇಲೆ ನನಗೆ ನಂಬಿಕೆ ಹೆಚ್ಚು.

ಊಟದ ವಿಷಯದಲ್ಲಿ ಒಂದೇ ಜಗಳ. ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ಎರಡು ಮುದ್ದೆ ನುಂಗಬೇಡ. ನಾರು, ಕ್ಯಾಲ್ಸಿಯಂ ಇರುವುದು ನಿಜ, ಆದರೂ ಅದರ ಬಹುಪಾಲು ಪಿಷ್ಟವೇ. ಹೊಲ ಉಳುವವರ ಮುದ್ದೆಯ ಗಾತ್ರ ಕುರ್ಚಿಯಲ್ಲಿ ಕೂರುವ ನಮಗೆ ಸಲ್ಲ. ಉಪ್ಪು ದಿನಕ್ಕೆ ಐದು ಗ್ರಾಂ, ಒಂದು ಟೀಚಮಚದೊಳಗೆ. ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ. ಉಪ್ಪಿನಕಾಯಿ ಪೂರಾ ಬಿಟ್ಟೆ ಎಂದು ನಿನ್ನೆದುರು ಸುಳ್ಳು ಹೇಳಲಾರೆ. ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗಿಟ್ಟು ಮಲಗುತ್ತೇನೆ, ನಿದ್ದೆ ಬರುತ್ತದೆ.

ನನ್ನ ಎಚ್‌ಬಿಎ1ಸಿ ಈಗ 5.8. ನಡಿಗೆಯ ಪಾಲೆಷ್ಟು, ಸಂಜೆಯ ಬಜ್ಜಿ ಬಿಟ್ಟದ್ದರ ಪಾಲೆಷ್ಟು ಎಂದು ಬೇರ್ಪಡಿಸಲಾರೆ.

ನಿನ್ನ ಊಟ ಎಂಟೂವರೆಗೆ ಮುಗಿಯುತ್ತದಲ್ಲವೇ? ಆಗ ಫೋನ್ ಮಾಡು, ಮನೆಯಿಂದ ಹೊರಗೆ ಬಂದು. ನಾನಿಲ್ಲಿ ಗುಡಿ ಬಳಸುತ್ತಿರುತ್ತೇನೆ, ನೀನಲ್ಲಿ ಅಪಾರ್ಟ್‌ಮೆಂಟ್ ಸುತ್ತು. ಅಕ್ಕನ ಮಗಳ ಮದುವೆಯ ಕತೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀಯ.

ನಿನ್ನ,
ಶ್ರೀಧರ