ಹೆಸರು ಕೇಳೋಕೇ ಮರೆತುಹೋದ ಇಟ್ಟಿಗೆ ಅಣ್ಣಂಗೆ ಥ್ಯಾಂಕ್ಸ್

ಹೋದ ಶನಿವಾರ ವರ್ಜೀನಿಯಾದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ಗೆ ಹೋಗಿದ್ವಿ, 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿ ಆಗಿದ್ದ ಊರು, ಈಗ ಹಳೇ ಕಾಲದ ಬಟ್ಟೆ ಹಾಕ್ಕೊಂಡು ಕಮ್ಮಾರ, ಬಡಗಿ ಎಲ್ರೂ ನಿಜವಾಗ್ಲೂ ಕೆಲಸ ಮಾಡ್ತಾರೆ. ನನ್ ಮಗಳಿಗೆ ಎಂಟು ವರ್ಷ, ಹಿಸ್ಟರಿ ಅಂದ್ರೆ ಆಕಳಿಕೆ.

ಇಟ್ಟಿಗೆ ಮಾಡೋ ಜಾಗದಲ್ಲಿ ನೀವು ಅವಳನ್ನ ಮಣ್ಣಿನ ಗುಂಡಿಗೆ ಇಳಿಸಿದ್ರಿ. ಶೂ ಬಿಚ್ಚಿ ಮೊಣಕಾಲು ತನಕ ಕೆಸರು, ತುಳಿದಿದ್ದೇ ತುಳಿದಿದ್ದು. ಆಮೇಲೆ ಮರದ ಅಚ್ಚಿಗೆ ಮರಳು ಉದುರಿಸಿ, ಮಣ್ಣಿನ ಮುದ್ದೆ ಧಪ್ ಅಂತ ಎಸೆದು, ಮೇಲಿನ ಜಾಸ್ತಿ ಮಣ್ಣು ಕೆರೆದು ತೆಗೆಯೋದು ತೋರಿಸಿದ್ರಿ. ಮರಳು ಹಾಕ್ಲಿಲ್ಲ ಅಂದ್ರೆ ಅಚ್ಚಿಗೇ ಕಚ್ಕೊಳ್ಳುತ್ತೆ, ಅವಳ ಮೊದಲನೇದು ಹಾಗೇ ಆಯ್ತು, ನೀವು ನಗ್ಲಿಲ್ಲ (ನಾನು ನಕ್ಕೆ). ನಮ್ಮೂರ ಇಟ್ಟಿಗೆ ಗೂಡಲ್ಲೂ ಇದೇ ಕೆಲಸ ಅಂದಿದ್ದಕ್ಕೆ ಅರ್ಧ ಗಂಟೆ ನಮ್ ಜೊತೆನೇ ನಿಂತ್ರಿ.

ಅವಳು "ಆಗಿನ್ ಕಾಲ್ದಲ್ಲಿ ಮಕ್ಕಳಿಗೆ ಇದು ಆಟಾನಾ?" ಅಂತ ಕೇಳಿದ್ಳು. ನೀವು ಮಾತು ತೇಲಿಸ್ಲಿಲ್ಲ, ಈ ಊರಲ್ಲಿ ಸುಮಾರು ಅರ್ಧ ಜನ ಕಪ್ಪು ಜನ, ಹೆಚ್ಚಿನವರು ಗುಲಾಮರು, ಇಂಥ ಕೆಲಸ ಮಕ್ಕಳ ಕೈಲೂ ಮಾಡಿಸ್ತಿದ್ರು, ಬೇಡ ಅನ್ನೋ ಹಾಗಿರ್ಲಿಲ್ಲ ಅಂತ ಕೂತು ಹೇಳಿದ್ರಿ. ಅವಳು ಸುಮ್ನೆ ತನ್ನ ಕಾಲು ನೋಡ್ಕೊಂಡ್ಳು.

ಕಾರಲ್ಲಿ ಪೂರ್ತಿ ಪ್ರಶ್ನೆಗಳೇ ಸ್ವಾಮಿ. ಕಾಲು ತೊಳೆಯೋಕೆ ಬಕೆಟ್ ನೀರು ತಂದ್ಕೊಟ್ಟಿದ್ದಕ್ಕೂ ಥ್ಯಾಂಕ್ಸ್, ಸೀಟ್ ಉಳೀತು.