ಮೊದಲು ಒಂದು ಘನವನ್ನು ನೀನೇ ತಿರುಗಿಸು

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಕಂಪ್ಯೂಟರ್ ಆಟ ಬರೆಯಲು ಅನ್‌ರಿಯಲ್ ಕಲಿಯಲೋ, ಯೂನಿಟಿಯೋ, ಗೊಡಾಟ್ ಸಾಕೋ ಎಂದು ಕೇಳಿದ್ದೀಯೆ. ಆಟದ ಚಿತ್ರಣ, ಚಲನೆಗಳನ್ನೆಲ್ಲ ಸಿದ್ಧವಾಗಿ ಕೊಡುವ ಈ ಎಂಜಿನ್‌ಗಳಲ್ಲಿ ಯಾವುದಾದರೂ ಆದೀತು. ಅದಕ್ಕೂ ಮೊದಲು ಎರಡು ತಿಂಗಳು ಎಂಜಿನ್‌ನ ಸಹವಾಸವೇ ಬೇಡ. ಪರದೆಯ ಒಂದು ಚುಕ್ಕಿಗೆ ಬಣ್ಣ ಹಚ್ಚುವ ಒಂದೇ ಫಂಕ್ಷನ್ ಇಟ್ಟುಕೊಂಡು ತಿರುಗುವ ಘನವೊಂದನ್ನು ಬರೆ.

ಹೀಗೆ ಹೇಳಲು ಕಾರಣವಿದೆ. ನಾನು ನೇರವಾಗಿ ಎಂಜಿನ್‌ನಿಂದಲೇ ಶುರುಮಾಡಿದವನು. ನನ್ನ ಮೊದಲ ಆಟದಲ್ಲಿ ದೂರದ ನೆಲವೂ ಅದರ ಮೇಲಿನ ರಸ್ತೆಯೂ ಒಂದರೊಳಗೊಂದು ಮಿನುಗುತ್ತಿದ್ದವು. ಹದಿನೈದು ದಿನ ಸಿಕ್ಕ ಸಿಕ್ಕ ಸೆಟ್ಟಿಂಗ್ ಬದಲಿಸಿದೆ. ತಪ್ಪಿದ್ದದ್ದು ಕ್ಯಾಮೆರಾದ ಹತ್ತಿರದ ಮಿತಿಯಲ್ಲಿ, ಅಂದರೆ ಅದಕ್ಕಿಂತ ಹತ್ತಿರವಿದ್ದದ್ದನ್ನು ಚಿತ್ರಿಸದೆ ಬಿಡುವ ದೂರದಲ್ಲಿ. ಅದನ್ನು ತೀರಾ ಚಿಕ್ಕದಾಗಿ ಇಟ್ಟಿದ್ದರಿಂದ ಆಳ ಅಳೆಯುವ ಸಂಖ್ಯೆಗಳ ನಿಖರತೆಯೆಲ್ಲ ಮೂಗಿನ ಮುಂದೆಯೇ ಖರ್ಚಾಗಿ, ದೂರಕ್ಕೆ ಏನೂ ಉಳಿದಿರಲಿಲ್ಲ. ಒಳಗಿನ ಲೆಕ್ಕ ಗೊತ್ತಿದ್ದಿದ್ದರೆ ಅದು ಹತ್ತು ನಿಮಿಷದ ಕೆಲಸ.

ಆ ಲೆಕ್ಕವೇನೂ ದೊಡ್ಡದಲ್ಲ. ಕಣ್ಣಿನಿಂದ ಪಕ್ಕಕ್ಕೆ 2, ಮುಂದಕ್ಕೆ 4 ಅಳತೆಯಲ್ಲಿರುವ ಬಿಂದು ಒಂದು ಅಳತೆ ದೂರದ ಪರದೆಯಲ್ಲಿ 2 ÷ 4, ಅಂದರೆ 0.5ಕ್ಕೆ ಬೀಳುತ್ತದೆ. ಅದನ್ನೇ ಮುಂದಕ್ಕೆ 8ಕ್ಕೆ ಸರಿಸಿದರೆ 0.25. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವುದು ಈ ಭಾಗಾಕಾರದಿಂದಲೇ. ತಿರುಗಿಸಲು ಪಿಯುಸಿಯ ಸೈನ್, ಕೊಸೈನ್ ಸಾಕು.

ಕಷ್ಟ ಬರುವುದು ಯಾವುದು ಮುಂದೆ, ಯಾವುದು ಹಿಂದೆ ಎಂಬಲ್ಲಿ. ವಸ್ತುಗಳನ್ನು ತ್ರಿಕೋನಗಳಾಗಿ ಒಡೆದು ಬಳಿಯುತ್ತೇವೆ. ದೂರದ ತ್ರಿಕೋನ ಮೊದಲು, ಹತ್ತಿರದ್ದು ಆಮೇಲೆ ಬಳಿದರಾಯಿತು ಎಂದು ನಿನಗೂ ಅನ್ನಿಸುತ್ತದೆ. ರಟ್ಟಿನ ಪೆಟ್ಟಿಗೆಯ ನಾಲ್ಕು ಮುಚ್ಚಳಗಳನ್ನು ಒಂದರಡಿ ಒಂದು ಸಿಕ್ಕಿಸಿ ಮುಚ್ಚುತ್ತೇವಲ್ಲ, ಅದರಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು, ಹೇಳು? ತ್ರಿಕೋನಗಳೂ ಹಾಗೆ ಹೆಣೆದುಕೊಳ್ಳುತ್ತವೆ. ಅದಕ್ಕೇ ಪ್ರತಿ ಚುಕ್ಕಿಯೂ ತನ್ನ ಆಳವನ್ನು ನೆನಪಿಟ್ಟುಕೊಳ್ಳಬೇಕು. ಹೊಸದು ಇನ್ನೂ ಹತ್ತಿರವಿದ್ದರೆ ಮಾತ್ರ ಬಣ್ಣ ಬದಲಾಗಬೇಕು. ಕಂಪ್ಯೂಟರ್ ಚಿತ್ರಣದ ವಿಜ್ಞಾನಿ ಎಡ್ ಕ್ಯಾಟ್ಮಲ್ 1974ರಲ್ಲಿ ಯೂಟಾ ವಿಶ್ವವಿದ್ಯಾಲಯದ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇದನ್ನು ವಿವರಿಸಿದಾಗ ಅಷ್ಟು ಮೆಮೊರಿ ಬಹಳ ದುಬಾರಿ. ಇಂದು ನಿನ್ನ ಮೊಬೈಲ್ ಕೂಡ ಇದನ್ನೇ ಮಾಡುತ್ತದೆ.

ಘನ ತಿರುಗಿದ ಮೇಲೆ, 1999ರಲ್ಲಿ ಮುಕ್ತವಾದ ಕ್ವೇಕ್ ಆಟದ ಮೂಲ ಕೋಡ್ ತೆರೆದು ನೋಡು. ಆ ಆಟ ಬರೆದ ಕಾಲದ ಪ್ರೊಸೆಸರ್‌ಗೆ ಭಾಗಾಕಾರ ಭಾರ. ಆದ್ದರಿಂದ ಗೋಡೆಗೆ ಚಿತ್ರ ಹಚ್ಚುವಾಗ 16 ಚುಕ್ಕಿಗೊಮ್ಮೆ ಮಾತ್ರ ಭಾಗಿಸಿ, ನಡುವಿನದನ್ನು ಅಂದಾಜಿನಿಂದ ತುಂಬಿದ್ದಾರೆ. ನೀನೇ ಭಾಗಿಸಿ ನೋಡಿದ್ದರೆ ಆ ಸಾಲುಗಳು ನಿನ್ನೊಡನೆ ಮಾತನಾಡುತ್ತವೆ.

ದಸರಾ ರಜೆಗೆ ಬರುವಾಗ ಲ್ಯಾಪ್‌ಟಾಪ್ ತಾ. ಘನ ಸೊಟ್ಟಗೆ ತಿರುಗುತ್ತಿದ್ದರೂ ಚಿಂತೆಯಿಲ್ಲ, ಯಾವ ಸಾಲು ತಪ್ಪಿದೆಯೆಂದು ಇಬ್ಬರೂ ಕುಳಿತು ಹುಡುಕೋಣ.

ನಿನ್ನ ಮಾವ