ತುಂಡಾದ ಟೇಪು ಕೂಡಿಸಿಕೊಟ್ಟವರಿಗೆ

ಮೈಸೂರಿನ ದೇವರಾಜ ಮಾರುಕಟ್ಟೆಯ ಹತ್ತಿರ ನಮ್ಮ ಕ್ಯಾಸೆಟ್ ಸರಿಪಡಿಸಿಕೊಟ್ಟ ರೇಡಿಯೊ ರಿಪೇರಿಯ ಯಜಮಾನರೇ, ಅಂದು ನಿಮ್ಮ ಹೆಸರು ಕೇಳುವುದನ್ನೇ ಮರೆತೆ.

ಅದು ನನ್ನ ಸೋದರಮಾವನದು. 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗಸಂಘಟನೆಯ ಜಾಥಾಗಳಲ್ಲಿ, ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ತಮಟೆಯೊಂದಿಗೆ ಮೊಳಗಿದ ಹಾಡುಗಳನ್ನು ಗೆಳೆಯರ ಜೊತೆ ಕುಳಿತು ಎಂದೋ ಧ್ವನಿಮುದ್ರಿಸಿಟ್ಟಿದ್ದರು. ನಮ್ಮ ಗುಂಪಿನ ಐವರೂ ಹುಟ್ಟಿದ್ದು 2000ದ ಈಚೆಗೆ. ಮಟ್ಟು ಕಲಿಯಲೆಂದು ಹಿಂದೆ ಮುಂದೆ ಓಡಿಸಿ ಟೇಪನ್ನೇ ತುಂಡು ಮಾಡಿದೆವು. ಸಾಲದೆಂಬಂತೆ ನಾನು ಸೆಲ್ಲೋಟೇಪ್ ಬೇರೆ ಅಂಟಿಸಿದ್ದೆ! ನೀವು ಬೈದದ್ದು ಸರಿಯೇ. ಅದರ ಗೋಂದು ಜಿನುಗಿ ಪ್ಲೇಯರಿನ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ನೀವು ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಧ್ವನಿಯಿಲ್ಲದ ಬದಿಗೆ ತೆಳುವಾದ ಪಟ್ಟಿ ಕೂಡಿಸಿದಿರಿ. ಹೋದದ್ದು ಅರ್ಧ ಪದ ಮಾತ್ರ.

ಹಾಡು ಶುರುವಾದಾಗ ಸ್ಕ್ರೂಡ್ರೈವರಿನಿಂದ ಮೇಜಿಗೆ ತಾಳ ಹಾಕುತ್ತಾ, ಎರಡನೆಯ ನುಡಿಯನ್ನು ಟೇಪಿಗಿಂತ ಮೊದಲೇ ಹಾಡಿಬಿಟ್ಟಿರಿ. ಎಲ್ಲಿ ಕಲಿತಿರಿ ಎಂದು ಕೇಳಿದರೆ ಬರೀ ನಕ್ಕಿರಿ. ದುಡ್ಡೂ ಬೇಡವೆಂದಿರಿ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸದೆ ಬಾರಿಸಬೇಡಿ ಎಂದಷ್ಟೇ ಹೇಳಿ ಕಳುಹಿಸಿದಿರಿ.

ಈಗ ಕಾಯಿಸುತ್ತಿದ್ದೇವೆ. ತುಂಬಾ ಧನ್ಯವಾದಗಳು. ಮುಂದಿನ ವಾರ ಮಾವನೂ ನಿಮ್ಮ ಅಂಗಡಿಗೆ ಬರುತ್ತಾರಂತೆ.